ಹಾಲಿನ ಪ್ರೋಟೀನ್: ಜೊತೆಗೋ, ಬದಲಿಗೋ?

ಎರಡು ತಿಂಗಳ ಹಿಂದೆ ಇದೇ ಅಂಕಣದಲ್ಲಿ ಒಂದು ಸಾಲು ಬರೆದಿದ್ದೆ: "ತೂಕ ಇಳಿಸುವವರು ಪ್ರೋಟೀನ್ ಮರೆಯಬೇಡಿ, ಹಾಲು ಮೊಸರಿನಲ್ಲಿ ಒಳ್ಳೆಯ ಪ್ರೋಟೀನ್ ಇದೆ." ಅಷ್ಟೇ. ಆ ಒಂದು ಸಾಲು ಎಷ್ಟು ಮನೆಗಳಲ್ಲಿ ಏನೇನು ಮಾಡಿಸಿದೆ ಅಂತ ಈ ಸಲದ ಪತ್ರಗಳನ್ನು ಓದಿದಾಗ ಗೊತ್ತಾಯಿತು. ಮೊದಲು ನಗು ಬಂತು, ಆಮೇಲೆ ನಾಚಿಕೆಯಾಯಿತು. ಅರ್ಧ ಮಾತು ಹೇಳಿ ಎದ್ದು ಹೋದವಳು ನಾನೇ. ಹಾಗಾಗಿ ಈ ತಿಂಗಳು ಬೇರೆ ಪ್ರಶ್ನೆಗಳನ್ನೆಲ್ಲ ಪಕ್ಕಕ್ಕಿಟ್ಟು ಹಾಲಿನದನ್ನು ಮಾತ್ರ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ಮೇಡಂ, ನನಗೆ 29 ವರ್ಷ, ತೂಕ 88 ಕೆ.ಜಿ. ಹಾಲಿನಿಂದ ತೆಗೆದ ವೇ ಪ್ರೋಟೀನ್ ಪುಡಿ ಕುಡಿದರೆ ಹೊಟ್ಟೆಯ ಕೊಬ್ಬು ಕರಗುತ್ತೆ ಅಂತ ಜಿಮ್‌ನಲ್ಲಿ ಹೇಳಿದರು. ದಿನಕ್ಕೆ ಎರಡು ಸಲ, ಒಂದು ಸ್ಕೂಪ್ ಪುಡಿಯನ್ನು ದೊಡ್ಡ ಲೋಟ ಹಾಲಿಗೆ ಹಾಕಿ, ಒಂದು ಬಾಳೆಹಣ್ಣು ಸೇರಿಸಿ ಕುಡೀತಿದ್ದೀನಿ. ಎರಡು ತಿಂಗಳಿಗೆ 3 ಕೆ.ಜಿ. ಹೆಚ್ಚಾಗಿದ್ದೀನಿ. ಪುಡಿ ನಕಲಿ ಇರಬಹುದಾ?

ಉತ್ತರ: ಪುಡಿಯ ಮೇಲೆ ಅನುಮಾನ ಬೇಡ, ಮೊದಲು ಲೆಕ್ಕ ನೋಡೋಣ. ಒಂದು ಸ್ಕೂಪ್ ಎಂದರೆ ಸುಮಾರು 30 ಗ್ರಾಂ ಪುಡಿ, 120 ಕ್ಯಾಲೊರಿ. ಕೆನೆ ತೆಗೆಯದ ಹಾಲು 300 ಮಿ.ಲೀ. ಇದ್ದರೆ ಅದು 190. ಬಾಳೆಹಣ್ಣು 100. ಒಂದು ಲೋಟಕ್ಕೆ 410 ಆಯಿತು, ಎರಡಕ್ಕೆ 820. ಇದು ಹೆಚ್ಚುಕಡಿಮೆ ಒಂದು ಪೂರ್ತಿ ಊಟ. ಇದನ್ನು ಕುಡಿಯಲು ಶುರು ಮಾಡಿದ ಮೇಲೆ ಯಾವ ಊಟ ಬಿಟ್ಟಿರಿ ಅಂತ ನಿಮ್ಮ ಪತ್ರದಲ್ಲಿಲ್ಲ. ಬಿಟ್ಟಿಲ್ಲ, ಅಲ್ವಾ?

ಬೇಜಾರು ಮಾಡಿಕೊಳ್ಳಬೇಡಿ, ನಾನೂ ಇದೇ ಹಳ್ಳಕ್ಕೆ ಬಿದ್ದವಳು. 46ನೇ ವಯಸ್ಸಿನಲ್ಲಿ ಮಂಡಿ ನೋವು ಶುರುವಾಯಿತು. ತೂಕ ಇಳಿಸಬೇಕು ಅಂತ ಒಂದು ಡಬ್ಬಿ ತಂದಿಟ್ಟೆ. ಊರಿಗೆಲ್ಲ ಆಹಾರ ಸಲಹೆ ಕೊಡುವವಳು ಎಂಬ ಜಂಬ ಬೇರೆ. ಬೆಳಿಗ್ಗೆ ತಿಂಡಿಯ ಜೊತೆ ಒಂದು ಲೋಟ, ಸಂಜೆ ಬಿಸ್ಕತ್ತಿನ ಜೊತೆ ಒಂದು ಲೋಟ. ಆರು ವಾರಕ್ಕೆ 1.4 ಕೆ.ಜಿ. ಏರಿತು. ಡೈರಿ ತೆಗೆದು ನೋಡಿದೆ (ಬರೆಯುವ ಡೈರಿ, ಹಾಲಿನದಲ್ಲ). ಪ್ರತಿ ಸಾಲಿನಲ್ಲೂ "ಜೊತೆ" ಎಂಬ ಪದವೇ ಇತ್ತು. ಏಳನೇ ವಾರ ಅದನ್ನು ಹೊಡೆದು "ಬದಲಿಗೆ" ಅಂತ ಬರೆದೆ. ಸಂಜೆ ಬಿಸ್ಕತ್ತಿನ ಬದಲಿಗೆ ಪುಡಿ, ಅದೂ ನೀರಿನಲ್ಲಿ ಕಲಸಿ. ರುಚಿ ಸೀಮೆಸುಣ್ಣದ ಹಾಗಿತ್ತು. ಆದರೆ ರಾತ್ರಿ ಊಟಕ್ಕೆ ಕೂತಾಗ ಎರಡನೇ ಸಲ ಬಡಿಸಿಕೊಳ್ಳುವ ಮನಸ್ಸೇ ಬರುತ್ತಿರಲಿಲ್ಲ.

ಅದಕ್ಕೆ ಕಾರಣ ಇದೆ. ಹಸುವಿನ ಹಾಲಿನ ಪ್ರೋಟೀನಿನಲ್ಲಿ ಎರಡು ಬಗೆ. ಶೇ. 80ರಷ್ಟು ಕೇಸಿನ್, ಉಳಿದ ಶೇ. 20 ವೇ. ಹಾಲಿಗೆ ನಿಂಬೆರಸ ಹಿಂಡಿದರೆ ಗಟ್ಟಿಯಾಗಿ ಒಡೆದು ಕೂರುತ್ತಲ್ಲ, ಅದು ಕೇಸಿನ್. ಹಸಿರು ಮಿಶ್ರಿತ ತಿಳಿ ನೀರಿನಲ್ಲಿ ಉಳಿಯುವುದು ವೇ. (ಚೆನ್ನಾಗಿ ಕುದಿಸಿದ ಹಾಲಾದರೆ ವೇಯ ಒಂದು ಪಾಲು ಗಟ್ಟಿಯ ಜೊತೆಗೇ ಅಂಟಿಕೊಂಡು ಹೋಗುತ್ತದೆ.) ಚೀಸ್ ಮಾಡುವವರಿಗೆ 10 ಲೀಟರ್ ಹಾಲಿನಿಂದ 1 ಕೆ.ಜಿ. ಚೀಸ್ ಸಿಕ್ಕರೆ, 9 ಲೀಟರ್ ಈ ನೀರು ಉಳಿಯುತ್ತದೆ. ಒಂದು ಕಾಲಕ್ಕೆ ಚೆಲ್ಲುತ್ತಿದ್ದರು, ಹಂದಿಗಳಿಗೆ ಹಾಕುತ್ತಿದ್ದರು. ಅದನ್ನೇ ಸೋಸಿ ಒಣಗಿಸಿದ ಪುಡಿ ಈಗ ನಿಮ್ಮ ಡಬ್ಬಿಯಲ್ಲಿದೆ.

ಹೊಟ್ಟೆಯೊಳಗೂ ನಿಂಬೆಯ ಲೋಟದಲ್ಲಿ ಆಗುವುದೇ ಆಗುತ್ತದೆ. ಅಲ್ಲಿನ ಆಮ್ಲಕ್ಕೆ ಕೇಸಿನ್ ಗಡ್ಡೆ ಕಟ್ಟುತ್ತದೆ, ಗಂಟೆಗಟ್ಟಲೆ ನಿಧಾನವಾಗಿ ಕರಗುತ್ತದೆ. ವೇ ನೀರಿನಂತೆಯೇ ಬೇಗ ಮುಂದೆ ಹರಿದು ಹೋಗಿ ರಕ್ತದಲ್ಲಿ ಅಮಿನೋ ಆಮ್ಲಗಳನ್ನು, ಅಂದರೆ ಪ್ರೋಟೀನ್ ಒಡೆದಾಗ ಸಿಗುವ ಬಿಡಿ ಮಣಿಗಳನ್ನು, ಏರಿಸುತ್ತದೆ. 1997ರಲ್ಲಿ ಫ್ರಾನ್ಸಿನ ಸಂಶೋಧಕರು ಇದನ್ನು ಅಳೆದು ನೋಡಿದರು. ವೇ ಕುಡಿದ ಮೇಲೆ ಮೈಯಲ್ಲಿ ಪ್ರೋಟೀನ್ ಕಟ್ಟುವ ಕೆಲಸ ಶೇ. 68ರಷ್ಟು ಏರಿತು, ಕೇಸಿನ್‌ಗೆ ಶೇ. 31. ಆದರೆ ಇರುವ ಪ್ರೋಟೀನ್ ಕಳಚಿ ಹೋಗುವುದನ್ನು ಶೇ. 34ರಷ್ಟು ತಡೆದದ್ದು ಕೇಸಿನ್, ವೇ ಅಲ್ಲ. ಒಂದು ಬೇಗ ಕಟ್ಟುತ್ತದೆ, ಇನ್ನೊಂದು ಕಾಯುತ್ತದೆ.

ಹಸಿವಿನ ವಿಷಯಕ್ಕೆ ಬಂದರೆ, ಪ್ರೋಟೀನ್ ಕರುಳಿಗೆ ತಲುಪಿದಾಗ ಸಿಸಿಕೆ, ಜಿಎಲ್‌ಪಿ-1 ಎಂಬ ಹಾರ್ಮೋನ್‌ಗಳು ಹೊರಡುತ್ತವೆ. "ಸಾಕು" ಅಂತ ಮಿದುಳಿಗೆ ಸುದ್ದಿ ಮುಟ್ಟಿಸುವುದು ಇವುಗಳ ಕೆಲಸ. 2003ರ ಒಂದು ಬ್ರಿಟಿಷ್ ಪ್ರಯೋಗದಲ್ಲಿ ಒಂದು ದಿನ 48 ಗ್ರಾಂ ವೇ, ಇನ್ನೊಂದು ದಿನ ಅಷ್ಟೇ ಕೇಸಿನ್ ಕುಡಿಸಿ, 90 ನಿಮಿಷದ ನಂತರ ಬೇಕಾದಷ್ಟು ತಿನ್ನಿ ಅಂತ ಊಟ ಇಟ್ಟರು. ವೇ ಕುಡಿದ ದಿನ ಜನ ಕಡಿಮೆ ತಿಂದರು. ಈಗ ತೂಕ ಇಳಿಸುವ ಚುಚ್ಚುಮದ್ದು ಎಂದು ಎಲ್ಲರ ಬಾಯಲ್ಲಿರುವ ಔಷಧಿಗಳು ಇದೇ ಜಿಎಲ್‌ಪಿ-1ರ ಕೆಲಸವನ್ನು ಮಾಡುತ್ತವೆ. ಹಾಗಂತ ಲೋಟದ ಹಾಲನ್ನು ಚುಚ್ಚುಮದ್ದಿಗೆ ಹೋಲಿಸಿ ಜಾಹೀರಾತು ಮಾಡುವವರನ್ನು ನಂಬಬೇಡಿ. ಊಟದಿಂದ ಹುಟ್ಟುವ ಜಿಎಲ್‌ಪಿ-1 ರಕ್ತದಲ್ಲಿ ಬಾಳುವುದು ಒಂದೆರಡು ನಿಮಿಷ. ಚುಚ್ಚುಮದ್ದಿನದು ದಿನಗಟ್ಟಲೆ ಇರುತ್ತದೆ.

ಇನ್ನು "ಕರಗಿಸುತ್ತೆ" ಅನ್ನುವ ಮಾತು. ಪ್ರೋಟೀನ್ ಜೀರ್ಣಿಸಲು ಮೈ ಸ್ವಲ್ಪ ಹೆಚ್ಚೇ ಖರ್ಚು ಮಾಡುತ್ತದೆ, ಅದು ನಿಜ. 100 ಕ್ಯಾಲೊರಿ ಪ್ರೋಟೀನ್ ತಿಂದರೆ 20ರಿಂದ 30 ಅದರ ಕೂಲಿಗೇ ಹೋಗುತ್ತದೆ. ಪಿಷ್ಟ, ಸಕ್ಕರೆಗೆ 5ರಿಂದ 10, ಕೊಬ್ಬಿಗೆ ಹೆಚ್ಚೆಂದರೆ 3. ನಿಮ್ಮ ಎರಡು ಸ್ಕೂಪ್‌ಗೆ ಇದು 40-50 ಕ್ಯಾಲೊರಿ ಅಂತಿಟ್ಟುಕೊಳ್ಳಿ. ಒಂದು ಬಿಸ್ಕತ್ತಿನ ಬೆಲೆ. ಇದರಿಂದ ಹೊಟ್ಟೆ ಕರಗುವುದಾದರೆ ನನ್ನಂಥವರಿಗೆ ಕೆಲಸವೇ ಇರುತ್ತಿರಲಿಲ್ಲ.

ಎರಡು ಪ್ರಯೋಗಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. 2011ರಲ್ಲಿ ಅಮೆರಿಕದಲ್ಲಿ ತೂಕ ಹೆಚ್ಚಿದ್ದ ದೊಡ್ಡವರಿಗೆ 23 ವಾರ ದಿನಾ ಸುಮಾರು 56 ಗ್ರಾಂ ವೇ ಪ್ರೋಟೀನ್ ಕೊಟ್ಟರು. ಇನ್ನೊಂದು ಗುಂಪಿಗೆ ಅಷ್ಟೇ ಕ್ಯಾಲೊರಿಯ ಪಿಷ್ಟದ ಪುಡಿ. ಕೊನೆಗೆ ವೇ ಗುಂಪು ಪಿಷ್ಟದ ಗುಂಪಿಗಿಂತ 1.8 ಕೆ.ಜಿ. ಕಡಿಮೆ ತೂಗುತ್ತಿತ್ತು, ಸೊಂಟವೂ ಸಣ್ಣಗಿತ್ತು. ಡಬ್ಬಿ ಮಾರುವವರು ಇದನ್ನು ಹೇಳುತ್ತಾರೆ. ಮರುವರ್ಷ ಡೆನ್ಮಾರ್ಕಿನಿಂದ ಬಂದದ್ದನ್ನು ಹೇಳುವುದಿಲ್ಲ. ಅಲ್ಲಿ ತೂಕ ಹೆಚ್ಚಿದ್ದ 12ರಿಂದ 15 ವರ್ಷದ ಮಕ್ಕಳಿಗೆ 12 ವಾರ ದಿನಾ 1 ಲೀಟರ್ ಕುಡಿಯಲು ಕೊಟ್ಟರು. ಕೆಲವರಿಗೆ ಕೆನೆ ತೆಗೆದ ಹಾಲು, ಕೆಲವರಿಗೆ ವೇ, ಕೆಲವರಿಗೆ ಕೇಸಿನ್, ಕೆಲವರಿಗೆ ಬರೀ ನೀರು. ಹಾಲು, ವೇ, ಕೇಸಿನ್ ಕುಡಿದ ಮೂರೂ ಗುಂಪಿನ ಮಕ್ಕಳ ತೂಕ ಏರಿತು. ಅದೇ ವೇ! ಆದರೆ ಒಂದು ಕಡೆ ಅದು ಪಿಷ್ಟದ ಜಾಗದಲ್ಲಿ ಕೂತಿತ್ತು, ಇನ್ನೊಂದು ಕಡೆ ನೀರಿನ ಜಾಗದಲ್ಲಿ.

ಆದ್ದರಿಂದ ನೀವು ಹೀಗೆ ಮಾಡಿ. ದಿನಕ್ಕೆ ಒಂದೇ ಸ್ಕೂಪ್, ನೀರಿನಲ್ಲಿ. ಬಾಳೆಹಣ್ಣನ್ನು ಕುಡಿಯಬೇಡಿ, ಅಗಿದು ತಿನ್ನಿ. ಸಂಜೆಯ ಕುರುಕಲಿನ ಹೊತ್ತಿಗೆ ಆ ಸ್ಕೂಪನ್ನು ಇಟ್ಟುಕೊಂಡು ಕುರುಕಲು ಕೈಬಿಡಿ. ಭಾರ ಎತ್ತುವ ವ್ಯಾಯಾಮ ಮಾತ್ರ ಬಿಡಬೇಡಿ. ಊಟ ಕಡಿಮೆ ಮಾಡಿ ಸುಮ್ನೆ ಕೂತರೆ ಕೊಬ್ಬಿನ ಜೊತೆ ಸ್ನಾಯುವೂ ಇಳಿದು ಹೋಗುತ್ತದೆ. ಹಾಲಿನ ಪ್ರೋಟೀನಿನಲ್ಲಿರುವ ಲ್ಯೂಸಿನ್ ಎಂಬ ಅಮಿನೋ ಆಮ್ಲ ಸ್ನಾಯು ಕಟ್ಟಲು ಸನ್ನೆ ಕೊಡುತ್ತದೆ ನಿಜ, ಆದರೆ ಸ್ನಾಯುವಿಗೆ ಕೆಲಸ ಕೊಡಬೇಕಾದವರು ನೀವು.

ಪ್ರಶ್ನೆ: ನನಗೆ 52. ಹಾಲು ದಪ್ಪ ಮಾಡುತ್ತೆ ಅಂತ ಆರು ವರ್ಷದಿಂದ ಹಾಲು, ಮೊಸರು ಎರಡನ್ನೂ ಮುಟ್ಟಿಲ್ಲ. ಕಾಫಿಗೆ ಮಾತ್ರ ಸ್ವಲ್ಪ. ತೂಕ ಒಂದು ಗ್ರಾಂ ಕೂಡ ಇಳಿದಿಲ್ಲ, ಕೈಕಾಲು ಮಾತ್ರ ಸೊರಗಿದೆ. ನಿಮ್ಮ ಸಾಲು ಓದಿ ಗೊಂದಲ ಆಯ್ತು.

ಉತ್ತರ: ಆರು ವರ್ಷ! ನಿಮ್ಮ ಛಲಕ್ಕೆ ನಮಸ್ಕಾರ. ಆದರೆ ಅಪರಾಧಿಯನ್ನು ಬಿಟ್ಟು ಪಕ್ಕದ ಮನೆಯವರನ್ನು ಹಿಡಿದಂತಾಗಿದೆ.

ಒಂದು ಲೋಟ, ಅಂದರೆ 200 ಮಿ.ಲೀ. ಹಾಲಿನಲ್ಲಿ ಸುಮಾರು 6.5 ಗ್ರಾಂ ಪ್ರೋಟೀನ್ ಇದೆ. ಕೆನೆ ಇದ್ದರೆ 125 ಕ್ಯಾಲೊರಿ, ಪೂರ್ತಿ ತೆಗೆದರೆ 70. ಕೆನೆ ತೆಗೆದಾಗ ಹೋಗುವುದು ಕೊಬ್ಬು, ಪ್ರೋಟೀನ್ ಹಾಗೇ ಉಳಿಯುತ್ತದೆ. ನೀರು ಬಸಿದ ಗಟ್ಟಿ ಮೊಸರಿನಲ್ಲಿ 100 ಗ್ರಾಂಗೆ 9-10 ಗ್ರಾಂ ಪ್ರೋಟೀನ್ ಸಿಗುತ್ತದೆ. ಗಟ್ಟಿ ಚೀಸ್‌ನಲ್ಲಿ 25 ಗ್ರಾಂ ಇದೆ, ಆದರೆ ಜೊತೆಗೆ 33 ಗ್ರಾಂ ಕೊಬ್ಬು, 400 ಕ್ಯಾಲೊರಿ. ಬೆಣ್ಣೆಯಲ್ಲಿ ಪ್ರೋಟೀನ್ ಇಲ್ಲವೆಂದೇ ಹೇಳಬೇಕು. ಎಲ್ಲವೂ ಹಾಲಿನಿಂದಲೇ ಬಂದದ್ದು, ಆದರೆ ಗುಣ ಒಂದೇ ಅಲ್ಲ. "ಹಾಲಿನ ಪದಾರ್ಥ" ಅಂತ ಒಂದೇ ಗಂಟಿಗೆ ಕಟ್ಟುವುದರಿಂದಲೇ ಅರ್ಧ ಜಗಳ ಹುಟ್ಟುತ್ತದೆ.

2012ರಲ್ಲಿ 29 ಪ್ರಯೋಗಗಳನ್ನು, ಸುಮಾರು 2,100 ಜನರ ಲೆಕ್ಕವನ್ನು ಒಟ್ಟು ಸೇರಿಸಿ ನೋಡಿದರು. ಎಲ್ಲ ಕೂಡಿಸಿದರೆ ಹಾಲಿನ ಪದಾರ್ಥಗಳಿಂದ ತೂಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇರಲಿಲ್ಲ. ಒಡೆದು ನೋಡಿದಾಗ ಕಥೆ ಬೇರೆ. ಒಟ್ಟು ಊಟಕ್ಕೆ ಮಿತಿ ಹಾಕಿಕೊಂಡು ಅದರೊಳಗೆ ಹಾಲು ಸೇರಿಸಿದವರು ಸರಾಸರಿ 0.8 ಕೆ.ಜಿ.ಯಷ್ಟು ಹೆಚ್ಚು ಇಳಿದಿದ್ದರು. ಮಿತಿಯಿಲ್ಲದೆ ಸೇರಿಸಿದವರ ತೂಕ ಸ್ವಲ್ಪ ಏರುವ ಕಡೆಗೇ ಇತ್ತು. ಎರಡೂ ಕಡೆ ಒಂದು ಕಿಲೋದೊಳಗಿನ ಮಾತು. ಆರು ವರ್ಷ ಉಪವಾಸ ಮಾಡುವಂಥದ್ದೇನೂ ಅಲ್ಲ.

ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು "ಕೈಕಾಲು ಸೊರಗಿದೆ" ಎಂಬಲ್ಲಿ. ನಿಮ್ಮ ವಯಸ್ಸಿನಲ್ಲಿ ಸ್ನಾಯು ತಾನಾಗೇ ಇಳಿಯುತ್ತಿರುತ್ತದೆ. ತಕ್ಕಡಿ ಅದನ್ನು ತೋರಿಸುವುದಿಲ್ಲ, ಏಕೆಂದರೆ ಆ ಜಾಗಕ್ಕೆ ಕೊಬ್ಬು ಬಂದು ಕೂರುತ್ತದೆ. ದೊಡ್ಡವರಿಗೆ ತೂಕದ ಪ್ರತಿ ಕೆ.ಜಿ.ಗೆ ದಿನಕ್ಕೆ ಕನಿಷ್ಠ 0.8 ಗ್ರಾಂ ಪ್ರೋಟೀನ್ ಬೇಕು. ತೂಕ ಇಳಿಸುವಾಗ ಸಾಮಾನ್ಯವಾಗಿ 1.2ರ ಸುತ್ತಮುತ್ತ ಇಡುತ್ತೇವೆ. ಕೆನೆ ತೆಗೆದ ಹಾಲು ಒಂದು ಲೋಟ, ಗಟ್ಟಿ ಮೊಸರು ಒಂದು ಬಟ್ಟಲು, ಇಷ್ಟು ಮತ್ತೆ ಶುರು ಮಾಡಿ. ಬದಲಿಗೆ ಏನು ಬಿಡಬೇಕು ಅಂತ ಕೇಳುತ್ತೀರಾ? ಕಾಫಿ ಎಷ್ಟು ಸಲ, ಸಕ್ಕರೆ ಎಷ್ಟು ಚಮಚ ಅಂತ ನೀವು ಬರೆದಿಲ್ಲ. ಬರೆಯದೇ ಬಿಟ್ಟದ್ದರ ಮೇಲೆಯೇ ನನಗೆ ಅನುಮಾನ ಜಾಸ್ತಿ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ. ನಿಮ್ಮ ಸಲಹೆ ಒಪ್ಪಲಾರೆ. ಹಾಲು ಇರುವುದು ಕರು ಬೆಳೆಯಲಿ ಅಂತ. ಕರುವನ್ನು ದಪ್ಪ ಮಾಡುವ ಪದಾರ್ಥ ಮನುಷ್ಯನನ್ನು ಹೇಗೆ ತೆಳ್ಳಗೆ ಮಾಡೀತು? ಸ್ವಲ್ಪ ಯೋಚಿಸಿ ಬರೆಯಿರಿ.

ಉತ್ತರ: ಸರ್, ಯೋಚಿಸಿಯೇ ಬರೆಯುತ್ತಿದ್ದೇನೆ. ನಿಮ್ಮ ವಾದದಲ್ಲಿ ತೂಕ ಇದೆ. ಕರು ಎರಡು ತಿಂಗಳೊಳಗೆ ಹುಟ್ಟಿದ ತೂಕದ ಎರಡರಷ್ಟಾಗಬಲ್ಲದು. ನಮ್ಮ ಮಗುವಿಗೆ ನಾಲ್ಕೈದು ತಿಂಗಳು ಬೇಕು. ಅದಕ್ಕೆ ತಕ್ಕ ಹಾಗೆ ಹಸುವಿನ ಹಾಲಿನ 100 ಮಿ.ಲೀ.ಯಲ್ಲಿ 3.3 ಗ್ರಾಂ ಪ್ರೋಟೀನ್, ತಾಯಿಯ ಹಾಲಿನಲ್ಲಿ ಬರೀ 1 ಗ್ರಾಂ. ಹಾಲಿನ ಪ್ರೋಟೀನ್ ಇನ್ಸುಲಿನ್ನನ್ನೂ ಐಜಿಎಫ್-1 ಎಂಬ ಬೆಳವಣಿಗೆಯ ಹಾರ್ಮೋನನ್ನೂ ಏರಿಸುತ್ತದೆ. ಬೆಳೆಸುವ ಗುಣ ಅದರಲ್ಲಿ ಇದೆ ಅಂತ ನಾನೂ ಒಪ್ಪುತ್ತೇನೆ.

ಒಂದು ಕಡೆ ಮಾತ್ರ ಬೇರೆ ದಾರಿ ಹಿಡಿಯುತ್ತೇನೆ. ಕರು ಹಾಲನ್ನು ಹೊಟ್ಟೆ ತುಂಬ ಕುಡಿಯುತ್ತದೆ, ಅದೇ ಅದರ ಊಟ, ಬೆಳೆಯುವ ವಯಸ್ಸು ಬೇರೆ. 60 ದಾಟಿದ ನಿಮಗೂ ನನಗೂ ಎಲುಬು ಉದ್ದವಾಗುವುದು ಉಂಟೇ? ನಮ್ಮಲ್ಲಿ ಅದೇ ಪ್ರೋಟೀನ್ ಇರುವ ಸ್ನಾಯುವನ್ನು ಉಳಿಸಲು ಕೆಲಸಕ್ಕೆ ಬರುತ್ತದೆ. ಆದರೆ ನಿಮ್ಮ ವಾದ ಪೂರ್ತಿ ನಿಲ್ಲುವ ವಯಸ್ಸು ಒಂದಿದೆ. ಮುಂದಿನ ಪತ್ರ ನೋಡಿ.

ಪ್ರಶ್ನೆ: ಮೊಮ್ಮಗನಿಗೆ ಎಂಟು ತಿಂಗಳು. ಸೊಸೆ ಕೆಲಸಕ್ಕೆ ಹೋಗುತ್ತಾಳೆ, ಹಗಲು ನಾನೇ ಡಬ್ಬಿ ಹಾಲು ಕಲಸಿ ಕೊಡ್ತೀನಿ. ಮಗು ಸ್ವಲ್ಪ ಸಣ್ಣ. ನೀವು ಪ್ರೋಟೀನ್ ಒಳ್ಳೆಯದು ಅಂದಿರಲ್ಲ, ಅದಕ್ಕೆ ಹೇಳಿದ ಅಳತೆಗಿಂತ ಒಂದು ಚಮಚ ಪುಡಿ ಜಾಸ್ತಿ ಹಾಕ್ತೀನಿ. ಸೊಸೆ ಬೇಡ ಅಂತಾಳೆ.

ಉತ್ತರ: ಅಮ್ಮಾ, ಸೊಸೆಯ ಮಾತು ಕೇಳಿ. ಇವತ್ತೇ ನಿಲ್ಲಿಸಿಬಿಡಿ.

ಗಟ್ಟಿ ಹಾಲು ಎಳೆ ಮೂತ್ರಪಿಂಡಕ್ಕೆ ಹೊರೆ. ಮೈಯ ನೀರಿನಂಶ ಏರುಪೇರಾಗುತ್ತದೆ. ಅದು ಈಗಿನ ತೊಂದರೆ. ಮುಂದೆ ಬರುವುದು ಇನ್ನೊಂದು. ಜರ್ಮನಿ, ಬೆಲ್ಜಿಯಂ, ಇಟಲಿ, ಪೋಲೆಂಡ್, ಸ್ಪೇನ್ ಹೀಗೆ ಐದು ದೇಶಗಳಲ್ಲಿ ಡಬ್ಬಿ ಹಾಲು ಕುಡಿಯುವ ಮಕ್ಕಳನ್ನು ಎರಡು ಗುಂಪು ಮಾಡಿ, ಒಂದು ವರ್ಷದವರೆಗೆ ಒಂದು ಗುಂಪಿಗೆ ಹೆಚ್ಚು ಪ್ರೋಟೀನಿನ ಹಾಲು, ಇನ್ನೊಂದಕ್ಕೆ ಕಡಿಮೆಯದು ಕೊಟ್ಟರು. ಆ ಮಕ್ಕಳಿಗೆ 6 ವರ್ಷವಾದಾಗ ಮತ್ತೆ ತೂಕ ನೋಡಿದರು. ಕಡಿಮೆ ಪ್ರೋಟೀನ್ ಗುಂಪಿನಲ್ಲಿ ಬೊಜ್ಜು ಇದ್ದ ಮಕ್ಕಳು ಶೇ. 4.4. ಹೆಚ್ಚು ಪ್ರೋಟೀನ್ ಗುಂಪಿನಲ್ಲಿ ಶೇ. 10. ಹಾಲು ಬಿಟ್ಟು ಐದು ವರ್ಷವಾದ ಮೇಲೂ! ನಾನು ಈ ಅಂಕಿ ಮೊದಲ ಸಲ ಓದಿದಾಗ ಎರಡು ಸಲ ಓದಿದ್ದೆ. ದೊಡ್ಡವರಿಗೆ ಹೊಟ್ಟೆ ತುಂಬಿಸುವ ಅದೇ ಪ್ರೋಟೀನ್, ವರ್ಷದೊಳಗಿನ ಮಗುವಿಗೆ ಅತಿಯಾದರೆ ಬೇಗ ಬೆಳೆಸಿ ಬೊಜ್ಜಿನ ದಾರಿಗೆ ಹಚ್ಚಬಹುದು.

ಡಬ್ಬಿಯ ಮೇಲಿನ ಅಳತೆಯನ್ನು ಚಮಚದ ಮೇಲೆ ಚಾಕು ಸವರಿ ಸಮ ಮಾಡಿಯೇ ಹಾಕಿ. ಮಗು ಸಣ್ಣ ಅಂತ ನಿಮಗೆ ಅನ್ನಿಸುವುದು ಬೇರೆ, ನಿಜವಾಗಿ ಸಣ್ಣ ಇರುವುದು ಬೇರೆ. ಮಕ್ಕಳ ವೈದ್ಯರ ಹತ್ತಿರ ಬೆಳವಣಿಗೆಯ ಚಾರ್ಟ್ ಇರುತ್ತದೆ. ಅದರಲ್ಲಿ ಗೆರೆ ಸರಿಯಾಗಿ ಏರುತ್ತಿದ್ದರೆ ನಿಶ್ಚಿಂತೆಯಿಂದಿರಿ. ಸೊಸೆ ಇರುವ ಹೊತ್ತಿನಲ್ಲಿ ಎದೆಹಾಲು ಮುಂದುವರಿಯಲಿ.

ಪ್ರಶ್ನೆ: ಸಕ್ಕರೆ ಕಾಯಿಲೆ, ದಪ್ಪ ಮೈ ಎರಡೂ ಇದೆ, ವಯಸ್ಸು 61. ಹಾಲಿನಿಂದ ಇನ್ಸುಲಿನ್ ಏರುತ್ತೆ, ಇನ್ಸುಲಿನ್ ಏರಿದರೆ ಕೊಬ್ಬು ಕೂರುತ್ತೆ ಅಂತ ಯಾರೋ ಹೇಳಿದರು. ನಿಜವೇ?

ಉತ್ತರ: ಮೊದಲರ್ಧ ನಿಜ. ಹಾಲು ರಕ್ತದ ಸಕ್ಕರೆಯನ್ನು ಏರಿಸುವುದು ಕಡಿಮೆ, ಇನ್ಸುಲಿನ್ನನ್ನು ಏರಿಸುವುದು ಜಾಸ್ತಿ. ಇದಕ್ಕೆ ಮುಖ್ಯ ಕಾರಣ ವೇ. ಆದರೆ ಊಟದ ನಂತರ ಒಂದೆರಡು ಗಂಟೆ ಇನ್ಸುಲಿನ್ ಏರಿ ಇಳಿಯುವುದರಿಂದ ಬೊಜ್ಜು ಬರುವುದಿಲ್ಲ. ಇಡೀ ದಿನದ ಒಟ್ಟು ಲೆಕ್ಕ ಮಿಕ್ಕಿದಾಗ ಬರುತ್ತದೆ. ನಿಮ್ಮಂಥವರಿಗೆ ಆ ಏರಿಕೆ ಉಪಯೋಗಕ್ಕೇ ಬರಬಹುದು. 2014ರ ಒಂದು ಪ್ರಯೋಗದಲ್ಲಿ ಟೈಪ್ 2 ಮಧುಮೇಹ ಇರುವವರಿಗೆ ಬೆಳಗಿನ ತಿಂಡಿಗೆ ಮೊದಲು 50 ಗ್ರಾಂ ವೇ ಕುಡಿಸಿದಾಗ ತಿಂಡಿಯ ನಂತರದ ಸಕ್ಕರೆ ಶೇ. 28ರಷ್ಟು ಕಡಿಮೆಯಾಯಿತು. ಓದಿದ ತಕ್ಷಣ ಡಬ್ಬಿ ತರಲು ಎದ್ದು ಹೋಗಬೇಡಿ. ನೀವು ಮಾತ್ರೆಯನ್ನೋ ಇನ್ಸುಲಿನ್ ಚುಚ್ಚುಮದ್ದನ್ನೋ ತೆಗೆದುಕೊಳ್ಳುತ್ತಿದ್ದರೆ ಸಕ್ಕರೆ ತೀರಾ ಇಳಿಯಬಹುದು. ಮೂತ್ರಪಿಂಡ ಸೊರಗಿದ್ದರೆ ಹೆಚ್ಚು ಪ್ರೋಟೀನ್ ಕೂಡದು. ಮೊದಲು ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿ, ಆ ಚೀಟಿ ಹಿಡಿದು ನಿಮ್ಮ ವೈದ್ಯರನ್ನು ಕೇಳಿ.

ಚುಟುಕಾಗಿ ಕೆಲವು

*ಎ2 ಹಾಲು ಕುಡಿದರೆ ತೂಕ ಇಳಿಯುತ್ತಾ?* ಇಲ್ಲ. ಎ1, ಎ2 ಎಂಬುವು ಬೀಟಾ ಕೇಸಿನ್ ಎಂಬ ಒಂದು ಬಗೆಯ ಕೇಸಿನ್‌ನ ಎರಡು ರೂಪಗಳು. ಅದು 209 ಅಮಿನೋ ಆಮ್ಲಗಳ ಸರ. ಎರಡರ ನಡುವೆ ವ್ಯತ್ಯಾಸ ಇರುವುದು 67ನೇ ಮಣಿಯಲ್ಲಿ ಮಾತ್ರ. ಕ್ಯಾಲೊರಿಯಲ್ಲಿ ಅಲ್ಲ.

*ಪುಡಿ ಕುಡಿದರೆ ಹೊಟ್ಟೆ ಉಬ್ಬುತ್ತೆ, ಇದು ಕೊಬ್ಬಾ?* ಬೆಳಿಗ್ಗೆ ಇಲ್ಲದ ಕೊಬ್ಬು ಮಧ್ಯಾಹ್ನಕ್ಕೆ ಬರುವುದಿಲ್ಲ. ಅದು ಗಾಳಿ. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ನಿಮಗೆ ಒಗ್ಗುತ್ತಿಲ್ಲ. ಡಬ್ಬಿಯ ಮೇಲೆ ಕಾನ್ಸನ್ಟ್ರೇಟ್ ಅಂತ ಇದ್ದರೆ ಲ್ಯಾಕ್ಟೋಸ್ ಜಾಸ್ತಿ, ಐಸೊಲೇಟ್ ಅಂತ ಇದ್ದರೆ ತೀರಾ ಕಡಿಮೆ. ಮೈ ಮೇಲೆ ದದ್ದು, ಉಸಿರಾಟದ ತೊಂದರೆ ಬಂದರೆ ಅದು ಅಲರ್ಜಿ ಇರಬಹುದು. ಆಗ ಎರಡೂ ಬೇಡ.

*ರಾತ್ರಿ ಮಲಗುವಾಗ ಕೇಸಿನ್ ಕುಡಿದರೆ ನಿದ್ದೆಯಲ್ಲೇ ಕೊಬ್ಬು ಕರಗುತ್ತಂತೆ?* ಸಂಜೆ ವ್ಯಾಯಾಮ ಮಾಡಿದವರಿಗೆ ರಾತ್ರಿಯಿಡೀ ಸ್ನಾಯು ರಿಪೇರಿಗೆ ಅದು ನೆರವಾಗುತ್ತದೆ. ಕೊಬ್ಬಿನ ಮಾತು ಡಬ್ಬಿಯವರದು.

ಕೊನೆಯ ಪತ್ರ ಪೆನ್ಸಿಲ್ಲಿನಲ್ಲಿ ಬರೆದದ್ದು.

ಪ್ರಶ್ನೆ: ಆಂಟಿ, ನಾನು ಆರನೇ ಕ್ಲಾಸು. ಹಾಲು ಕುಡಿದರೆ ಉದ್ದ ಆಗ್ತೀಯ ಅಂತ ಅಮ್ಮ ಹೇಳ್ತಾಳೆ. ಹಾಲು ಕುಡಿದೇ ನನಗೆ ಹೊಟ್ಟೆ ಬಂದಿದ್ದು ಅಂತ ಅಪ್ಪ ಹೇಳ್ತಾರೆ. ಯಾರದು ಸರಿ?

ಉತ್ತರ: ಪುಟ್ಟಿ, ಅಮ್ಮ ಹೇಳಿದ್ದು ಸ್ವಲ್ಪ ಮಟ್ಟಿಗೆ ಸರಿ, ಬೆಳೆಯುವ ಮಕ್ಕಳಿಗೆ ಹಾಲು ಸಹಾಯ ಮಾಡುತ್ತೆ. ಊಟ ಬಿಟ್ಟು ಹಾಲೇ ಕುಡಿಯಬೇಡ, ಮತ್ತೆ. ಅಪ್ಪನ ವಿಷಯಕ್ಕೆ ನಿನ್ನಿಂದ ಒಂದು ಸಹಾಯ ಬೇಕು. ಒಂದು ವಾರ ಅಪ್ಪ ಹಾಲು ಕುಡಿಯುವಾಗ ಪಕ್ಕದಲ್ಲಿ ನಿಂತುಕೋ. ಎಷ್ಟು ಚಮಚ ಸಕ್ಕರೆ ಹಾಕಿಕೊಂಡರು, ಜೊತೆಗೆ ಏನು ತಿಂದರು ಅಂತ ಇದೇ ಪೆನ್ಸಿಲ್ಲಿನಲ್ಲಿ ಬರೆದು ನನಗೆ ಕಳಿಸು. ಅಪ್ಪನಿಗೆ ತೋರಿಸಬೇಡ.